ಮಗಳಿಗೆ ಈಗಲೇ ಜೀನ್ ಟೆಸ್ಟ್ ಮಾಡಿಸಿಬಿಡಲಾ?

ಪ್ರಶ್ನೆ: ನಮ್ಮದು ತುಮಕೂರು. ನನ್ನ ಯಜಮಾನರಿಗೆ 39 ವರ್ಷ. ಎರಡು ವರ್ಷದಿಂದ ಅವರ ಕೈಬೆರಳು, ಭುಜ ತಾವಾಗಿಯೇ ಆಡುತ್ತಿದ್ದವು, ಸಿಟ್ಟೂ ಜಾಸ್ತಿಯಾಗಿತ್ತು. ಹೋದ ತಿಂಗಳು ರಕ್ತ ಪರೀಕ್ಷೆಯಲ್ಲಿ ಹಂಟಿಂಗ್ಟನ್ ಕಾಯಿಲೆ ಅಂತ ಖಚಿತವಾಯಿತು. ರಿಪೋರ್ಟಿನಲ್ಲಿ 44 ಅಂತ ಒಂದು ಸಂಖ್ಯೆ ಇದೆ. ಮಾವನವರೂ ಹೀಗೇ ಆಗಿ ತೀರಿಕೊಂಡರು. ಆಗ ಕಾಯಿಲೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಕುಡಿತ ಅಂದುಕೊಂಡಿದ್ದರು. ನಮಗೆ 11 ವರ್ಷದ ಮಗಳು, 6 ವರ್ಷದ ಮಗ. ಮಗಳ ಕೈಯಿಂದ ಹಾಲಿನ ಲೋಟ ಜಾರಿದರೂ ನನ್ನ ಎದೆ ಧಸಕ್ಕೆನ್ನುತ್ತದೆ. ‘ಇಬ್ಬರಿಗೂ ಈಗಲೇ ಟೆಸ್ಟ್ ಮಾಡಿಸಿ, ಹೆಣ್ಣು ಮಗು, ಮುಂದೆ ಮದುವೆ ಮುಂಜಿ ಇದೆ, ಮೊದಲೇ ಗೊತ್ತಿದ್ದರೆ ಒಳ್ಳೇದಲ್ವಾ’ ಅಂತ ನಾದಿನಿ ದಿನಾ ಹೇಳುತ್ತಾಳೆ. ಒಂದು ಲ್ಯಾಬಿಗೆ ಫೋನ್ ಮಾಡಿದೆ. ಮನೆಗೇ ಬಂದು ರಕ್ತ ತೆಗೆದುಕೊಳ್ಳುತ್ತೇವೆ ಅಂದರು. ನನ್ನ ಮಕ್ಕಳು, ನಾನು ಒಪ್ಪಿದರೆ ಸಾಕಲ್ಲವೇ? ಮಾಡಿಸಿಬಿಡಲಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬೇಡ. ಮಗಳಿಗೂ ಬೇಡ, ಮಗನಿಗೂ ಬೇಡ. ಲ್ಯಾಬಿನವರಿಗೆ ಫೋನ್ ಮಾಡಿ, ಸದ್ಯಕ್ಕೆ ಬರಬೇಡಿ ಅಂದುಬಿಡಿ. ಆಮೇಲೆ ಮುಂದಿನದನ್ನು ನಿಧಾನವಾಗಿ ಓದಿ. ಇದು ಸ್ವಲ್ಪ ಉದ್ದ ಇದೆ. ‘ಬೇಡ’ ಅಂತ ಒಂದು ಮಾತು ಹೇಳಿ ನಿಮ್ಮನ್ನು ಆ ಭಯದ ಜೊತೆ ಒಂಟಿಯಾಗಿ ಬಿಟ್ಟರೆ ಅದು ಉತ್ತರ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಆ ಹಾಲಿನ ಲೋಟ. 11 ವರ್ಷದ ಹುಡುಗಿಯ ಕೈಯಿಂದ ಲೋಟ ಜಾರುತ್ತದೆ. ಆ ವಯಸ್ಸೇ ಹಾಗೆ, ಕೈಕಾಲು ಸರಸರ ಉದ್ದವಾಗುತ್ತಿರುತ್ತವೆ, ಗಮನ ಇನ್ನೆಲ್ಲೋ ಇರುತ್ತದೆ. ಮೊದಲಾಗಿದ್ದರೆ ನೀವು ‘ನೋಡ್ಕೊಂಡು ಹಿಡ್ಕೊಳೇ’ ಅಂತ ಗದರಿ, ಒರೆಸುವ ಬಟ್ಟೆ ಎಸೆದು, ಅಲ್ಲಿಗೆ ಮುಗಿಸುತ್ತಿದ್ದಿರಿ. ಈಗ ಗದರುವುದಿಲ್ಲ. ಸುಮ್ನೆ ಅವಳ ಕೈಯನ್ನೇ ನೋಡುತ್ತೀರಿ. ಅವಳು ನಿಮ್ಮ ಮುಖ ನೋಡುತ್ತಾಳೆ. ಅಮ್ಮ ಯಾಕೆ ಬೈಯಲಿಲ್ಲ ಅಂತ ಅವಳಿಗೆ ಆಗಲೇ ಒಂದು ಅನುಮಾನ ಹುಟ್ಟಿರುತ್ತದೆ. ಟೆಸ್ಟ್ ಇನ್ನೂ ಆಗಿಲ್ಲ, ಆದರೆ ಅದರ ನೆರಳು ನಿಮ್ಮ ಅಡುಗೆಮನೆಗೆ ಬಂದು ಕೂತಿದೆ. ನಾಳೆ ರಿಪೋರ್ಟಿನಲ್ಲಿ ‘ಇದೆ’ ಅಂತ ಬಂದರೆ, ಈ ನೋಟದ ಜೊತೆಯಲ್ಲೇ ಅವಳು ಹೈಸ್ಕೂಲು, ಪಿಯುಸಿ, ಕೆಲಸ, ಮದುವೆ ಎಲ್ಲವನ್ನೂ ದಾಟಬೇಕಾಗುತ್ತದೆ.

ಕಾಯಿಲೆಯ ಬಗ್ಗೆ ಎರಡು ಮಾತು, ಯಾಕೆಂದರೆ ಆ 44 ಏನು ಅಂತ ನಿಮಗೆ ಯಾರೂ ಕೂರಿಸಿಕೊಂಡು ಹೇಳಿದ ಹಾಗೆ ಕಾಣಲಿಲ್ಲ. ಹಂಟಿಂಗ್ಟನ್ ಅಂದರೆ ಮೆದುಳನ್ನು ನಿಧಾನವಾಗಿ ಕೆಡಿಸುವ, ವಂಶದಲ್ಲಿ ಇಳಿದುಬರುವ ಕಾಯಿಲೆ. ಜೀನ್‌ಗಳನ್ನು ಹೊತ್ತ ನಮ್ಮ 4ನೇ ಕ್ರೋಮೋಸೋಮಿನಲ್ಲಿ ಒಂದು ಜೀನ್ ಇದೆ. ಅದರ ಒಂದು ಜಾಗದಲ್ಲಿ ಸಿ-ಎ-ಜಿ ಅನ್ನುವ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತದೆ, ಮಗ್ಗಿ ಹೇಳುವ ಮಗುವಿನ ನಾಲಿಗೆ ಒಂದೇ ಸಾಲಿಗೆ ಸಿಕ್ಕಿಕೊಂಡ ಹಾಗೆ. 26 ಸಲದ ತನಕ ಬಂದರೆ ತೊಂದರೆ ಇಲ್ಲ. 27ರಿಂದ 35 ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಆದರೆ ಮಕ್ಕಳಿಗೆ ಹೋಗುವಾಗ ಆ ಸಂಖ್ಯೆ ಹಿಗ್ಗಬಹುದು. 36ರಿಂದ 39 ಇದ್ದರೆ ಬರಲೂಬಹುದು, ಬರದೆಯೂ ಇರಬಹುದು. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆಯಸ್ಸು ಗಟ್ಟಿಯಿದ್ದರೆ, ಕಾಯಿಲೆ ಬಂದೇ ಬರುತ್ತದೆ. ಸಾಮಾನ್ಯವಾಗಿ 30ರಿಂದ 50 ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಯಜಮಾನರ ಹತ್ತಿರ ಆ ಜೀನಿನ ಎರಡು ಪ್ರತಿ ಇವೆ, ಒಂದು ಕೆಟ್ಟದ್ದು, ಒಂದು ಚೆನ್ನಾಗಿರುವುದು. ಮಗುವಿಗೆ ಯಾವುದು ಹೋಗಿದೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಪ್ರತಿ ಮಗುವಿಗೂ ಬೇರೆ ಬೇರೆ ನಾಣ್ಯ. ‘ಇಬ್ಬರಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರು ಬಚಾವು’ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಇಬ್ಬರಿಗೂ ಬಂದಿರಬಹುದು, ಇಬ್ಬರಿಗೂ ಬಾರದೇ ಇರಬಹುದು. ಅಪ್ಪನ ಮುಖ ಹೊತ್ತವರಿಗೇ ಬರುತ್ತದೆ ಅನ್ನುವುದೂ ಸುಳ್ಳು. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ, ಯಾಕೆಂದರೆ ನಾನು ನೋಡಿದ ಸುಮಾರು ಮನೆಗಳಲ್ಲಿ ಯಾವ ಟೆಸ್ಟೂ ಇಲ್ಲದೆ, ‘ಇವನು ಥೇಟ್ ಅಪ್ಪನ ಹಾಗೆ’ ಅಂತ ಒಂದು ಮಗುವನ್ನು ಮನೆಯವರೇ ಆರಿಸಿಬಿಟ್ಟಿರುತ್ತಾರೆ.

ಈಗ ನಾನು ಪ್ರತಿಯೊಬ್ಬ ತಂದೆತಾಯಿಗೂ ಕೇಳುವ ಪ್ರಶ್ನೆಯನ್ನು ನಿಮಗೂ ಕೇಳುತ್ತೇನೆ. ರಿಪೋರ್ಟ್ ಬಂದ ಮಾರನೇ ದಿನ ಬೆಳಿಗ್ಗೆ ನೀವು ಆ ಮಗುವಿಗೋಸ್ಕರ ಏನು ಮಾಡುತ್ತೀರಿ?

ಈ ಪ್ರಶ್ನೆಗೆ ಉತ್ತರ ಇರುವ ಕಾಯಿಲೆಗಳಿವೆ. ಅಲ್ಲಿ ನಾನೇ ಮುಂದೆ ನಿಂತು ಟೆಸ್ಟ್ ಮಾಡಿಸಿ ಅನ್ನುತ್ತೇನೆ, ತಡ ಮಾಡಬೇಡಿ ಅಂತ ಜಗಳವನ್ನೂ ಆಡುತ್ತೇನೆ. ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ ಅಪ್ಪನಿಗೋ ಅಮ್ಮನಿಗೋ ಇದ್ದು, ಅದಕ್ಕೆ ಕಾರಣವಾದ ಜೀನ್ ದೋಷ ಗೊತ್ತಿದ್ದರೆ, ಕೂಸು ಹುಟ್ಟಿದ ತಕ್ಷಣ ಪರೀಕ್ಷೆ ಮಾಡಬೇಕು, ಯಾಕೆಂದರೆ ಅದು ಬರುವುದೇ ಎಳೆವಯಸ್ಸಿನಲ್ಲಿ. ಬೇಗ ಹಿಡಿದರೆ ಕಣ್ಣೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಮೆನ್-2 ಅನ್ನುವ ಇನ್ನೊಂದಿದೆ, ಥೈರಾಯ್ಡ್ ಕ್ಯಾನ್ಸರ್ ತರುವಂಥದ್ದು. ಜೀನ್ ಇದೆ ಅಂತ ಗೊತ್ತಾದರೆ, ಅದರ ಬಗೆ ನೋಡಿ, ಕೆಲವು ಮಕ್ಕಳಿಗೆ 5 ವರ್ಷ ತುಂಬುವ ಮೊದಲೇ ಥೈರಾಯ್ಡ್ ಗ್ರಂಥಿ ತೆಗೆಯುತ್ತಾರೆ. ದೊಡ್ಡ ಕರುಳಿನಲ್ಲಿ ನೂರಾರು ಗಂಟು ಬೆಳೆಯುವ ಎಫ್‌ಎಪಿ ಕಾಯಿಲೆಯ ಮನೆಗಳಲ್ಲಿ 10–12 ವರ್ಷದಿಂದಲೇ ಕರುಳಿನ ಎಂಡೋಸ್ಕೋಪಿ ಶುರುಮಾಡಬೇಕು. ಟೆಸ್ಟಿನಲ್ಲಿ ಇಲ್ಲ ಅಂತ ಬಂದ ಮಗುವಿಗೆ ಆ ಹಿಂಸೆಯೇ ತಪ್ಪುತ್ತದೆ. ಇಲ್ಲೆಲ್ಲ ರಿಪೋರ್ಟಿನ ಮಾರನೇ ದಿನಕ್ಕೆ ಒಂದು ಕೆಲಸ ಇದೆ, ಅಲ್ವಾ?

ಹಂಟಿಂಗ್ಟನ್‌ನಲ್ಲಿ ಇವತ್ತಿನ ತನಕ ಆ ಕೆಲಸ ಇಲ್ಲ. ಕೈಕಾಲು ಆಡುವುದನ್ನು ಕಡಿಮೆ ಮಾಡುವ ಟೆಟ್ರಾಬೆನಜಿನ್‌ನಂಥ ಮಾತ್ರೆಗಳಿವೆ, ಮನಸ್ಸಿನ ತೊಂದರೆಗೆ ಮಾತ್ರೆಗಳಿವೆ, ಅವು ನಿಮ್ಮ ಯಜಮಾನರಿಗೆ ಉಪಯೋಗಕ್ಕೆ ಬರುತ್ತವೆ. ಆದರೆ ಕಾಯಿಲೆ ಶುರುವಾಗದ ಹಾಗೆ 11 ವರ್ಷದ ಮಗುವಿಗೆ ಕೊಡುವ ಔಷಧಿ ಅಂತ ಒಂದೂ ಇಲ್ಲ. ಅವಳಿಗೆ ಕೊಡಲು ಸಿಗುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಯಾವ ವರ್ಷ ಶುರುವಾಗುತ್ತದೆ ಅಂತಲೂ ಹೇಳುವುದಿಲ್ಲ. ಸಂಖ್ಯೆ ಹೆಚ್ಚಿದಷ್ಟೂ ಬೇಗ ಬರುವ ಸಂಭವ ಅನ್ನುವುದು ನಿಜ, ಆದರೆ 42, 44 ಇರುವವರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಎಷ್ಟೋ ವರ್ಷಗಳ ವ್ಯತ್ಯಾಸ ಇರುತ್ತದೆ. ಅದಕ್ಕೇ 1994ರಲ್ಲಿ ಅಂತರರಾಷ್ಟ್ರೀಯ ಹಂಟಿಂಗ್ಟನ್ ಸಂಘ ಮತ್ತು ನರರೋಗ ವೈದ್ಯರ ಜಾಗತಿಕ ಒಕ್ಕೂಟ ಸೇರಿ ಮಾಡಿದ ಮಾರ್ಗಸೂಚಿಯಲ್ಲೇ, ಲಕ್ಷಣ ಇಲ್ಲದ ಮಕ್ಕಳಿಗೆ ಪ್ರಾಯ ತುಂಬುವ ತನಕ ಈ ಟೆಸ್ಟ್ ಬೇಡ ಅಂತ ಬರೆದಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ, ದೊಡ್ಡವರಾದ ಮೇಲೆ ಬರುವ ಕಾಯಿಲೆಗಳಿಗೆ ಮಕ್ಕಳಲ್ಲಿ ಟೆಸ್ಟ್ ಮುಂದೂಡಿ ಅಂತ ಹೇಳಿದ್ದೂ ಇದೇ ಕಾರಣಕ್ಕೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಈ ಕಾಯಿಲೆ ಅಪರೂಪಕ್ಕೆ 20 ವರ್ಷದ ಒಳಗೂ ಬರುತ್ತದೆ, ಅಪ್ಪನ ಕಡೆಯಿಂದ ಬಂದಾಗ ಆ ಸಂಭವ ಸ್ವಲ್ಪ ಹೆಚ್ಚು, ಸಾಮಾನ್ಯವಾಗಿ ಅಂಥವರಲ್ಲಿ ಸಂಖ್ಯೆ 60 ದಾಟಿರುತ್ತದೆ. ಮಕ್ಕಳಲ್ಲಿ ಅದು ದೊಡ್ಡವರ ಹಾಗೆ ಕೈಕಾಲು ಕುಣಿಸುವುದು ಕಡಿಮೆ. ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ, ಚೆನ್ನಾಗಿದ್ದ ಅಕ್ಷರ ತಿಂಗಳಿಂದ ತಿಂಗಳಿಗೆ ಕೆಡುತ್ತದೆ, ಓದಿನಲ್ಲಿ ಮುಂದಿದ್ದ ಮಗು ಹಿಂದೆ ಬೀಳುತ್ತಲೇ ಹೋಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಇಂಥದ್ದು ತಿಂಗಳುಗಟ್ಟಲೆ ಕಂಡರೆ ನರರೋಗ ತಜ್ಞರಿಗೆ ತೋರಿಸಿ. ಅದು ಕಾಯಿಲೆಯ ಪತ್ತೆ, ಬೇರೆ ಲೆಕ್ಕ. ಒಮ್ಮೆ ಜಾರಿದ ಲೋಟ ಈ ಪಟ್ಟಿಯಲ್ಲಿ ಬರುವುದಿಲ್ಲ. ಅಪ್ಪನ ಕಾಯಿಲೆಯ ಮನೆಯಲ್ಲಿ ಬೆಳೆಯುವ ಮಗುವಿನ ಮಾರ್ಕ್ಸ್ ಬರೀ ಚಿಂತೆಯಿಂದಲೂ ಕಡಿಮೆಯಾಗುತ್ತದೆ, ಅದನ್ನೂ ನೆನಪಿಟ್ಟುಕೊಳ್ಳಿ.

ಇನ್ನು ಮನಸ್ಸಿನ ವಿಷಯ. ಟೆಸ್ಟ್ ಮಾಡಿಸಿದ ಮಕ್ಕಳೆಲ್ಲ ಕುಸಿದು ಹೋಗುತ್ತಾರೆ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಎಫ್‌ಎಪಿ ಮನೆಗಳಲ್ಲಿ ಟೆಸ್ಟ್ ಆದ ಮಕ್ಕಳನ್ನು ಗಮನಿಸಿದ ಅಧ್ಯಯನಗಳಲ್ಲಿ, ಒಟ್ಟಾರೆ ನೋಡಿದರೆ, ಮಕ್ಕಳು ಸುಧಾರಿಸಿಕೊಂಡಿದ್ದಾರೆ. ಆದರೆ ಅಲ್ಲಿ ಕೌನ್ಸೆಲಿಂಗ್ ಇತ್ತು, ಮಾಡಲು ಚಿಕಿತ್ಸೆ ಇತ್ತು. ನನಗೆ ಮಕ್ಕಳಿಗಿಂತ ಜಾಸ್ತಿ ಚಿಂತೆ ತಂದೆತಾಯಿಯದ್ದು. ಮಗುವಿನ ಮನಸ್ಸಿಗೆ ಪೆಟ್ಟು ಬೀಳುವುದು ಸಾಮಾನ್ಯವಾಗಿ ರಿಪೋರ್ಟಿನ ಕಾಗದದಿಂದ ಅಲ್ಲ, ಅದನ್ನು ಓದಿದ ದೊಡ್ಡವರು ಬದಲಾಗುವುದರಿಂದ.

ಸ್ವೀಡನ್‌ನಲ್ಲಿ ನಡೆದದ್ದು ಹೇಳುತ್ತೇನೆ. 1972ರಿಂದ 1974ರ ತನಕ ಅಲ್ಲಿ 2 ಲಕ್ಷ ನವಜಾತ ಶಿಶುಗಳಿಗೆ ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನುವ ಒಂದು ಪ್ರೋಟೀನ್ ಕಮ್ಮಿ ಇದೆಯಾ ಅಂತ ಪರೀಕ್ಷೆ ಮಾಡಿದರು. ಅದು ಕಮ್ಮಿ ಇದ್ದವರು ಸಿಗರೇಟ್ ಸೇದಿದರೆ ಶ್ವಾಸಕೋಶ ಬೇಗ ಹಾಳಾಗುತ್ತದೆ. ಉದ್ದೇಶ ಒಳ್ಳೆಯದೇ, ಹೊಗೆಯಿಂದ ದೂರ ಇಡಿ ಅಂತ ಮೊದಲೇ ಹೇಳುವುದು. ಆದರೆ ತೊಟ್ಟಿಲಲ್ಲಿರುವ, ಗುಂಡುಗುಂಡಾಗಿರುವ ಕೂಸಿಗೆ ದೋಷ ಇದೆ ಅಂತ ಕೇಳಿದ ಅಪ್ಪ ಅಮ್ಮಂದಿರು ತತ್ತರಿಸಿಹೋದರು. ತುಂಬಾ ಮನೆಗಳಲ್ಲಿ ಆ ಆತಂಕ ವರ್ಷಗಟ್ಟಲೆ ಇಳಿಯಲೇ ಇಲ್ಲ. ಕೊನೆಗೆ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಅದೇ ಮಕ್ಕಳು ದೊಡ್ಡವರಾದ ಮೇಲೆ ನೋಡಿದರೆ, ಅವರಲ್ಲಿ ಸಿಗರೇಟ್ ಮುಟ್ಟಿದವರು ಬೇರೆಯವರಿಗಿಂತ ಕಡಿಮೆ. ಅಂದರೆ ಮಾಹಿತಿಯಿಂದ ಉಪಯೋಗವೂ ಆಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ಕೂಡ ಮಾಡಲು ಒಂದು ಕೆಲಸ ಇತ್ತು, ಸಿಗರೇಟ್ ಸೇದದೆ ಇರುವುದು. ನಿಮ್ಮ ಮಗಳಿಗೆ ಏನನ್ನು ಬಿಡು ಅಂತ ಹೇಳುತ್ತೀರಿ?

ನನ್ನ ಮುಂದೆ ಕೂತಿದ್ದ ಒಬ್ಬ ಹುಡುಗನ ವಿಷಯ. ಗುರುತು ಸಿಗದ ಹಾಗೆ ಹೇಳುತ್ತೇನೆ. 21 ವರ್ಷ, ಇಂಜಿನಿಯರಿಂಗ್ ಕೊನೆಯ ವರ್ಷ. ತಾಯಿಗೆ ಇದೇ ಕಾಯಿಲೆ. ಅವನಿಗೆ 10 ವರ್ಷವಿದ್ದಾಗ ಅಪ್ಪ, ‘ಜ್ವರಕ್ಕೆ ರಕ್ತ ಪರೀಕ್ಷೆ’ ಅಂತ ಹೇಳಿ, ಅವನಿಗೂ ತಂಗಿಗೂ ಟೆಸ್ಟ್ ಮಾಡಿಸಿದ್ದರು. ಯಾರಿಗೂ ಹೇಳಲಿಲ್ಲ. 11 ವರ್ಷ ಆದ ಮೇಲೆ, ಯಾವುದೋ ಜೆರಾಕ್ಸ್ ಹುಡುಕುವಾಗ, ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಎರಡು ರಿಪೋರ್ಟ್ ಸಿಕ್ಕಿದವು. ಅವನದ್ದು ಪಾಸಿಟಿವ್. ತಂಗಿಯದ್ದು ಅಲ್ಲ. ಅವನು ನನಗೆ ಹೇಳಿದ್ದು ಇಷ್ಟು: ‘ರಿಪೋರ್ಟ್ ನೋಡಿ ಅಷ್ಟು ಭಯ ಆಗ್ಲಿಲ್ಲ ಮೇಡಂ. ಹಳೇದೆಲ್ಲ ಒಂದೊಂದಾಗಿ ಅರ್ಥ ಆಗ್ತಾ ಹೋಯ್ತು ನೋಡಿ, ಅದು ತಡ್ಕೊಳ್ಳೋಕಾಗ್ಲಿಲ್ಲ.’ ಕ್ರಿಕೆಟ್ ಕೋಚಿಂಗ್ ಬಿಡಿಸಿದ್ದು ಯಾಕೆ. ತಂಗಿಯ ಹೆಸರಿಗೆ ಮಾತ್ರ ಸೈಟ್ ಮಾಡಿಸಿದ್ದು ಯಾಕೆ. ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸುವ ಹೊತ್ತಿಗೆ ಅಪ್ಪ ಫೋನ್ ಬಂತು ಅಂತ ಆಚೆ ಹೋಗುತ್ತಿದ್ದದ್ದು ಯಾಕೆ. ಆ ಅಪ್ಪ ಕೆಟ್ಟವರಲ್ಲ. ಹೆಂಡತಿಯ ಆರೈಕೆ ಮಾಡಿಕೊಂಡು, ಎರಡು ಮಕ್ಕಳ ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡು, ಒಬ್ಬರೇ 11 ವರ್ಷ ಕಳೆದ ಮನುಷ್ಯ. ಆದರೆ ಮಗನ ಬಾಲ್ಯ ಆ ಕವರಿನ ಒಳಗೆ ಮಡಿಸಿ ಹೋಗಿತ್ತು.

ಇದರ ಇನ್ನೊಂದು ಮಗ್ಗುಲು ತಂಗಿಯದ್ದು. ‘ಇಲ್ಲ’ ಅಂತ ಬಂದವರು ಹಬ್ಬ ಮಾಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಾಗುವುದಿಲ್ಲ. ಅಣ್ಣನಿಗೆ ಬಂದು ತನಗೆ ಬರಲಿಲ್ಲ ಅನ್ನುವುದು ಒಂದು ಸಾಲದ ಹಾಗೆ ಕೂರುತ್ತದೆ. ಇನ್ನು ಮೇಲೆ ಅಮ್ಮನನ್ನು, ಅಣ್ಣನನ್ನು ನೋಡಿಕೊಳ್ಳಬೇಕಾದವಳು ನಾನೇ ಅಂತ ಕೆಲವರು ಮದುವೆಯನ್ನೇ ಬೇಡ ಅಂದದ್ದು ನೋಡಿದ್ದೇನೆ. ನಿಮ್ಮ ಮನೆಯಲ್ಲೂ ಇಬ್ಬರು ಮಕ್ಕಳು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಅಂತ ಬಂದರೆ, ಟ್ಯೂಷನ್ ಫೀಸ್ ಕಟ್ಟುವಾಗ, ಹೊಡೆದಾಡಿದ ಇಬ್ಬರಲ್ಲಿ ಒಬ್ಬರನ್ನು ಬೈಯುವಾಗ, ನಿಮ್ಮ ಕೈ ಎರಡು ಕಡೆಗೂ ಒಂದೇ ಸಮ ಇರುತ್ತದೆ ಅಂತ ನೀವು ಎಷ್ಟು ಗಟ್ಟಿಯಾಗಿ ಹೇಳಬಲ್ಲಿರಿ? ನನ್ನ ಮಕ್ಕಳಾಗಿದ್ದರೆ ನಾನು ಹೇಳಲಾರೆ.

ನಿಮ್ಮ ನಾದಿನಿ ಹೇಳಿದ ಮದುವೆ ಮಾತಿಗೆ ಬರೋಣ. ‘ಮೊದಲೇ ಗೊತ್ತಿದ್ದರೆ ಒಳ್ಳೇದಲ್ವಾ’ ಅನ್ನುವುದು ಕೇಳಲು ಸರಿಯಾಗಿದೆ. ಆದರೆ ಗೊತ್ತಾಗುವುದು ಯಾರಿಗೆ? ನಮ್ಮ ಕಡೆ ರಿಪೋರ್ಟ್ ಒಬ್ಬರದ್ದಾಗಿ ಉಳಿಯುವುದಿಲ್ಲ. ನಿಮಗೆ, ಯಜಮಾನರಿಗೆ, ನಾದಿನಿಗೆ, ನಾದಿನಿ ಮನೆಯವರಿಗೆ, ಆಮೇಲೆ ಯಾವುದೋ ಗೃಹಪ್ರವೇಶದಲ್ಲಿ ಪಂಕ್ತಿಯಲ್ಲಿ ಕೂತವರಿಗೆ. ಹುಡುಗಿಗೆ 23 ಆಗಿ, ಸಂಬಂಧ ಬಂದು, ‘ಮನೆತನದಲ್ಲಿ ಏನೂ ತೊಂದರೆ ಇಲ್ಲ ತಾನೇ’ ಅಂತ ಗಂಡಿನ ಕಡೆಯವರು ವಿಚಾರಿಸುವ ಹೊತ್ತಿಗೆ, ಅವಳು ಬಾಯಿ ಬಿಡುವ ಮೊದಲೇ ಊರಿಗೆ ಉತ್ತರ ಗೊತ್ತಿರುತ್ತದೆ. ಮದುವೆಯಾಗುವವನಿಗೆ ನಿಜ ಹೇಳಬೇಕಾ? ಹೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಅನ್ನುವುದು ಅವಳ ಕೈಯಲ್ಲಿರಬೇಕು. ಈಗ ಟೆಸ್ಟ್ ಮಾಡಿಸಿದರೆ ಅದು ಅವಳ ಕೈತಪ್ಪುತ್ತದೆ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಗ್ರೀಸ್ ದೇಶದ ಓರ್ಖೊಮೆನೋಸ್ ಅನ್ನುವ ಊರಿನಲ್ಲಿ 1970ರ ಸುಮಾರಿಗೆ ಸಿಕಲ್ ಸೆಲ್ ಅನ್ನುವ, ವಂಶದಲ್ಲಿ ಬರುವ ರಕ್ತದ ಕಾಯಿಲೆಗೆ ಪರೀಕ್ಷೆ ಮಾಡಿದರು. ಈ ಕಾಯಿಲೆ ಬರಲು ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು, ಒಂದೇ ಕೆಟ್ಟಿದ್ದರೆ ಅವರನ್ನು ಕ್ಯಾರಿಯರ್ ಅನ್ನುತ್ತಾರೆ. ಕ್ಯಾರಿಯರ್ ಆದವರು ತಮ್ಮ ತಮ್ಮಲ್ಲಿ ಮದುವೆಯಾಗದಿದ್ದರೆ ಕಾಯಿಲೆಯ ಮಕ್ಕಳು ಹುಟ್ಟುವುದಿಲ್ಲ ಅನ್ನುವ ಲೆಕ್ಕ. ಅಲ್ಲೂ ಹಿರಿಯರು ಕೂಡಿಸಿ ಮಾಡುವ ಮದುವೆಗಳೇ. ಸ್ವಲ್ಪ ವರ್ಷ ಬಿಟ್ಟು ನೋಡಿದರೆ, ಇಬ್ಬರೂ ಕ್ಯಾರಿಯರ್ ಆಗಿದ್ದ ಜೋಡಿಗಳ ಸಂಖ್ಯೆ ಪರೀಕ್ಷೆಯೇ ಇಲ್ಲದಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ ಇತ್ತು. ಕ್ಯಾರಿಯರ್ ಅಂತ ಗೊತ್ತಾದವರಿಗೆ ಕಳಂಕ ಅಂಟಿಕೊಂಡಿತ್ತು, ಸಂಬಂಧ ಕುದುರಿಸುವಾಗ ಕೆಲವರು ಮುಚ್ಚಿಟ್ಟಿದ್ದರು. ಕ್ಯಾರಿಯರ್ ಅಂದರೆ ಆರೋಗ್ಯವಂತರೇ, ಅವರಿಗೆ ಕಾಯಿಲೆ ಇಲ್ಲ. ಅಷ್ಟಕ್ಕೇ ಹೀಗಾಯಿತು.

ನಮ್ಮ ದೇಶದಲ್ಲೂ 2023ರ ಜುಲೈನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾಗಿದೆ. ಬುಡಕಟ್ಟು ಜನ ಹೆಚ್ಚಿರುವ ಕಡೆ ಹುಟ್ಟಿದ ಕೂಸಿನಿಂದ 40 ವರ್ಷದವರೆಗಿನ 7 ಕೋಟಿ ಜನರಿಗೆ ಪರೀಕ್ಷೆ ಮಾಡುವ ಗುರಿ. 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ನಾನು ಇದರ ಪರ. ಕಾಯಿಲೆ ಇರುವ ಮಗುವನ್ನು ಬೇಗ ಹಿಡಿದರೆ ಔಷಧಿ, ಲಸಿಕೆ ಕೊಟ್ಟು ಉಳಿಸಬಹುದು. ಆದರೆ ಹಾಡಿಯ ಶಾಲೆಯಲ್ಲಿ ಒಂದೇ ದಿನ ಎಲ್ಲ ಮಕ್ಕಳ ರಕ್ತ ತೆಗೆದು, ಆಮೇಲೆ ಎಲ್ಲರ ಎದುರು ಕಾರ್ಡ್ ಹಂಚಿದರೆ, ಕ್ಯಾರಿಯರ್ ಆದ 9 ವರ್ಷದ ಹುಡುಗಿಯನ್ನು ಪಕ್ಕದವಳು ‘ನಿನಗೆ ರಕ್ತದ ಕಾಯಿಲೆ’ ಅಂತ ಕರೆಯಲು ಎಷ್ಟು ಹೊತ್ತು ಬೇಕು? ಕಾರ್ಡ್ ಕೊಡುವ ಮೊದಲು ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಅವರ ಭಾಷೆಯಲ್ಲಿ, ಕ್ಯಾರಿಯರ್‌ಗೂ ಕಾಯಿಲೆಗೂ ಇರುವ ವ್ಯತ್ಯಾಸ ಹೇಳುವವರು ಬೇಕು. ಸಾಗರ ತಾಲ್ಲೂಕಿನ ಹಂದಿಗೋಡು ನೆನಪಿರಬಹುದು. ವಂಶದಲ್ಲಿ ಇಳಿದುಬರುವ ಕೀಲುಮೂಳೆಯ ಕಾಯಿಲೆಗೆ ಆ ಊರಿನ ಹೆಸರನ್ನೇ ಇಟ್ಟರು. ಒಂದು ಊರಿಗೇ ಹೆಸರು ಹೀಗೆ ಅಂಟಿಕೊಂಡರೆ, ಒಂದು ಮಗುವಿಗೆ ಅಂಟಿಕೊಳ್ಳುವುದು ಎಷ್ಟು ಸುಲಭ ಅಂತ ಯೋಚನೆ ಮಾಡಿ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದಲ್ಲಿ 2008ರಿಂದ ಜೀನ್ ಮಾಹಿತಿ ಇಟ್ಟುಕೊಂಡು ಕೆಲಸ, ಆರೋಗ್ಯ ವಿಮೆಯಲ್ಲಿ ತಾರತಮ್ಯ ಮಾಡಬಾರದು ಅಂತ ಕಾನೂನಿದೆ, ಜೀವ ವಿಮೆಗೆ ಅದೂ ಅನ್ವಯಿಸುವುದಿಲ್ಲ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನೇ ಇಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್, ‘ವಂಶವಾಹಿ ಕಾಯಿಲೆ’ ಅಂತ ಒಂದೇ ಪದ ಹಾಕಿ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಅಂದಿತು, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರವೂ ಹಾಗೆ ಕ್ಲೇಮ್ ತಿರಸ್ಕರಿಸಬೇಡಿ ಅಂತ ಕಂಪನಿಗಳಿಗೆ ಹೇಳಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಹಾಗಾಗಿ, ಇವತ್ತು 11 ವರ್ಷದವಳ ಹೆಸರಿನಲ್ಲಿ ಒಂದು ಪಾಸಿಟಿವ್ ರಿಪೋರ್ಟ್ ಹುಟ್ಟಿಸಿದರೆ, ಅವಳಿಗೆ 30 ಆದಾಗ ಅದನ್ನು ಯಾರು ಯಾವ ಕಾರಣಕ್ಕೆ ಕೇಳುತ್ತಾರೋ ಈಗ ಯಾರೂ ಭರವಸೆ ಕೊಡಲಾರರು.

‘ನನ್ನ ಮಕ್ಕಳು, ನಾನು ಒಪ್ಪಿದರೆ ಸಾಕಲ್ಲವೇ’ ಅಂತ ಕೇಳಿದ್ದೀರಿ. ಸಹಿಗೆ ಸಾಕು. 18 ತುಂಬದ ಮಗುವಿನ ಪರವಾಗಿ ನೀವೇ ಸಹಿ ಹಾಕುವವರು. ಆದರೆ ಈ ಟೆಸ್ಟಿನಲ್ಲಿ ತಿಳಿದುಕೊಳ್ಳುವ ಹಕ್ಕಿನ ಹಾಗೇ ತಿಳಿದುಕೊಳ್ಳದೆ ಇರುವ ಹಕ್ಕೂ ಇದೆ, ಅದು ಅವಳದ್ದು. ಅದನ್ನು ಜನ ಎಷ್ಟು ಬಳಸುತ್ತಾರೆ ಗೊತ್ತಾ? ಟೆಸ್ಟ್ ಬರುವ ಮೊದಲು ಕೇಳಿದಾಗ, ಅಪಾಯದಲ್ಲಿರುವವರಲ್ಲಿ ಹೆಚ್ಚಿನವರು ‘ಬಂದರೆ ಮಾಡಿಸಿಕೊಳ್ಳುತ್ತೇವೆ’ ಅಂದಿದ್ದರು. ಬಂದ ಮೇಲೆ, ಹೆಚ್ಚಿನ ದೇಶಗಳಲ್ಲಿ, ಮಾಡಿಸಿಕೊಂಡವರು ಐದರಲ್ಲಿ ಒಬ್ಬರ ಆಸುಪಾಸು, ಕೆಲವು ಕಡೆ ಅದಕ್ಕೂ ಕಡಿಮೆ. ಮಿಕ್ಕವರು ಹೆದರುಪುಕ್ಕಲರಲ್ಲ. ಗೊತ್ತಿಲ್ಲದೆ ಇರುವುದರಲ್ಲಿ ಬದುಕುವ ಜಾಗ ಇದೆ ಅಂತ ಅವರು ಕಂಡುಕೊಂಡಿದ್ದಾರೆ. ನ್ಯಾನ್ಸಿ ವೆಕ್ಸ್‌ಲರ್ ಅಂತ ಅಮೆರಿಕದ ವಿಜ್ಞಾನಿ. ಅವರ ತಾಯಿ ಇದೇ ಕಾಯಿಲೆಯಿಂದ 1978ರಲ್ಲಿ ತೀರಿಕೊಂಡರು. ಆಕೆ ವೆನಿಜುವೆಲಾದ ಮಾರಕೈಬೋ ಸರೋವರದ ದಡದ ಹಳ್ಳಿಗಳಿಗೆ ವರ್ಷ ವರ್ಷ ಹೋಗಿ, ಈ ಕಾಯಿಲೆಯ ಮನೆಗಳ ರಕ್ತದ ಮಾದರಿ ತಂದರು. ಅದರ ಬಲದಿಂದಲೇ 1983ರಲ್ಲಿ ಜೀನ್ ಇರುವ ಜಾಗ, 1993ರಲ್ಲಿ ಜೀನ್ ಪತ್ತೆಯಾಯಿತು. ಟೆಸ್ಟ್ ಸಾಧ್ಯವಾಗಿದ್ದೇ ಅವರಂಥವರಿಂದ. ಅಂಥವರೂ ತಮಗೆ ಇದೆಯೋ ಇಲ್ಲವೋ ಅನ್ನುವುದನ್ನು ದಶಕಗಟ್ಟಲೆ ಜನರ ಮುಂದೆ ತೆರೆದಿಡಲಿಲ್ಲ. 2020ರಲ್ಲಿ, 74ನೇ ವಯಸ್ಸಿನಲ್ಲಿ, ತನಗೂ ಕಾಯಿಲೆ ಇದೆ ಅಂತ ತಾವಾಗಿ ಹೇಳಿದರು. ಆ ಹೊತ್ತನ್ನು ಅವರೇ ಆರಿಸಿಕೊಂಡರು.

ಟೆಸ್ಟ್ ಬೇಡ ಅಂದರೆ ಬಾಯಿ ಮುಚ್ಚಿಕೊಂಡಿರಿ ಅಂತ ಅರ್ಥ ಅಲ್ಲ. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಟೆಸ್ಟ್ ಕಾಯಬಹುದು, ಮಾತು ಕಾಯುವುದಿಲ್ಲ. ಅಪ್ಪನ ಕೈ ಆಡುವುದು ಮಗಳಿಗೆ ಕಾಣುತ್ತಿದೆ. ಬಸ್ಸಿನಲ್ಲಿ ಯಾರೋ ‘ಬೆಳಿಗ್ಗೇನೇ ಹಾಕ್ಕೊಂಡಿದ್ದಾನೆ’ ಅಂದದ್ದು ಅವಳ ಕಿವಿಗೂ ಬಿದ್ದಿರಬಹುದು. ತಾತನ ಬಗ್ಗೆ ಊರಿನವರು ಹೇಳುವುದೂ ಗೊತ್ತಿರಬಹುದು. ನೀವು ಹೇಳದಿದ್ದರೆ ಅವಳು ಮೊಬೈಲಿನಲ್ಲಿ ಹುಡುಕುತ್ತಾಳೆ, ಅಲ್ಲಿ ಸಿಗುವ ವಿಡಿಯೋಗಳನ್ನು ಒಬ್ಬಳೇ ನೋಡುತ್ತಾಳೆ. ಅದಕ್ಕಿಂತ ನಿಮ್ಮ ಬಾಯಿಂದ ಬರಲಿ. ಎದುರುಬದುರು ಕೂರಿಸಿಕೊಂಡು ‘ನಿನ್ನ ಹತ್ರ ಒಂದು ವಿಷಯ ಮಾತಾಡಬೇಕು’ ಅಂತ ಶುರುಮಾಡಬೇಡಿ, ಮಕ್ಕಳು ಅಷ್ಟಕ್ಕೇ ಹೆದರುತ್ತಾರೆ. ಬಟಾಣಿ ಸುಲಿಯುವಾಗ, ಜಡೆ ಹಾಕುವಾಗ, ಮುಖ ನೋಡದೆ ಮಾತಾಡಲು ಆಗುವ ಹೊತ್ತು ಒಳ್ಳೆಯದು. ‘ಅಪ್ಪನ ಮೆದುಳಿನಲ್ಲಿ ಒಂದು ಕಾಯಿಲೆ ಇದೆ, ಅದರ ಹೆಸರು ಹಂಟಿಂಗ್ಟನ್. ಅದಕ್ಕೇ ಕೈ ಆಡುತ್ತೆ, ಅದಕ್ಕೇ ಸಿಟ್ಟು ಬರುತ್ತೆ. ಕುಡಿದಿದ್ದಕ್ಕಲ್ಲ. ನೀನು ಏನೋ ಮಾಡಿದ್ದಕ್ಕೂ ಅಲ್ಲ. ಮುಟ್ಟಿದರೆ ಅಂಟಲ್ಲ.’ ಇಷ್ಟು ಸಾಕು, ಮೊದಲ ದಿನಕ್ಕೆ. ಮಗನಿಗೆ ಇದರಲ್ಲಿ ಅರ್ಧ ಸಾಕು.

ಒಂದು ದಿನ, ಬಹುಶಃ ನೀವು ಎಣಿಸಿದ್ದಕ್ಕಿಂತ ಬೇಗ, ಅವಳು ‘ನಂಗೂ ಬರುತ್ತಾ ಅಮ್ಮ?’ ಅಂತ ಕೇಳುತ್ತಾಳೆ. ‘ಛೇ, ನಿನಗ್ಯಾಕೆ ಬರುತ್ತೆ’ ಅನ್ನಬೇಡಿ. ಆ ಸುಳ್ಳು ಒಂದು ದಿನ ಗೊತ್ತಾಗುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಅವಳು ನಂಬುವುದಿಲ್ಲ. ‘ಬರಬಹುದು, ಬರದೇನೂ ಇರಬಹುದು. ಬಂದರೂ ಸಾಮಾನ್ಯವಾಗಿ ದೊಡ್ಡವರಾದ ಮೇಲೆ. ನೀನು ದೊಡ್ಡವಳಾದಾಗ ಬೇಕು ಅನಿಸಿದ್ರೆ ಪರೀಕ್ಷೆ ಇದೆ, ಬೇಡ ಅನಿಸಿದ್ರೆ ಬೇಡ. ನಾನು ಜೊತೆಗಿರ್ತೀನಿ.’ ಹೀಗೆ ಹೇಳುವಾಗ ನಿಮ್ಮ ಕಣ್ಣು ತುಂಬಿದರೆ ತುಂಬಲಿ. ಅವಳು 16, 17ಕ್ಕೆ ಬಂದು, ತಾನಾಗಿಯೇ ಟೆಸ್ಟ್ ಬೇಕು ಅಂತ ಹಟ ಹಿಡಿದರೆ ಆಗ ಅವಳನ್ನೇ ಕರೆತನ್ನಿ. ನಾವು ಒಂದೇ ದಿನ ರಕ್ತ ತೆಗೆಯುವುದಿಲ್ಲ, ಎರಡು ಮೂರು ಸಲ ಮಾತಾಡುತ್ತೇವೆ, ಜೊತೆಗೆ ನಂಬಿಕೆಯ ಒಬ್ಬರು ಇರಬೇಕು ಅನ್ನುತ್ತೇವೆ, ರಿಪೋರ್ಟ್ ತಯಾರಾದ ಮೇಲೂ ‘ಬೇಡ, ನನಗೆ ಕೇಳಬೇಕಿಲ್ಲ’ ಅಂತ ಎದ್ದು ಹೋಗುವ ಹಕ್ಕು ಇರುತ್ತದೆ. ಮನೆಗೆ ಬಂದು ರಕ್ತ ತೆಗೆದು ಮೇಲ್ ಮಾಡುವ ಲ್ಯಾಬಿನಲ್ಲಿ ಇದು ಯಾವುದೂ ಸಿಗುವುದಿಲ್ಲ.

ಕೊನೆಗೆ ನಿಮ್ಮ ನಾದಿನಿ. ಅವಳಿಗೆ ಎಷ್ಟು ವಯಸ್ಸು, ಮಕ್ಕಳಿದ್ದಾರಾ ಅಂತ ನೀವು ಬರೆದಿಲ್ಲ. ಆದರೆ ಕಾಯಿಲೆ ನಿಮ್ಮ ಮಾವನವರಿಂದ ಬಂದಿದ್ದರೆ, ನಿಮ್ಮ ಮಗಳಿಗೆ ಇರುವಷ್ಟೇ ಅಪಾಯ ಅವಳಿಗೂ ಇದೆ, ಅರ್ಧಕ್ಕರ್ಧ. ಅಣ್ಣನ ಕೈ ಆಡುವುದನ್ನು ನೋಡಿ ಮನೆಗೆ ಹೋದ ಮೇಲೆ ಅವಳು ತನ್ನ ಕೈಯನ್ನೂ ನೋಡಿಕೊಳ್ಳುತ್ತಾ ಇರಬಹುದು. ತನ್ನ ಬಗ್ಗೆ ಕೇಳಲು ಧೈರ್ಯ ಸಾಲದವರು ಮಕ್ಕಳ ಟೆಸ್ಟಿನ ಬಗ್ಗೆ ಮತ್ತೆ ಮತ್ತೆ ಕೇಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವಳ ಮೇಲೆ ಸಿಟ್ಟಾಗಬೇಡಿ, ‘ನೀನು ಮೊದಲು ಮಾಡಿಸ್ಕೋ’ ಅಂತಲೂ ಅನ್ನಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ಗೆ ಬನ್ನಿ, ತುಮಕೂರಿನಿಂದ ಬೆಳಿಗ್ಗೆ ಹೊರಟರೆ ಒಂದು ದಿನದ ಕೆಲಸ. ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲೂ ಕೌನ್ಸೆಲಿಂಗ್ ವಿಚಾರಿಸಬಹುದು. ಯಜಮಾನರ ರಿಪೋರ್ಟ್ ತನ್ನಿ. ಒಂದು ಹಾಳೆಯಲ್ಲಿ ಮಾವನವರು, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಯಾರಿಗೆ ಎಷ್ಟನೇ ವಯಸ್ಸಿನಲ್ಲಿ ಏನಾಯಿತು ಅಂತ ನೆನಪಿದ್ದಷ್ಟು ಬರೆದುಕೊಂಡು ಬನ್ನಿ, ‘ಕುಡಿತ’ ಅಂತ ಬರೆದವರನ್ನೂ ಸೇರಿಸಿ. ಮೊದಲ ಸಲ ಮಕ್ಕಳನ್ನು ಕರೆತರಬೇಡಿ, ಅವರು ಸ್ಕೂಲಿಗೆ ಹೋಗಲಿ. ನಾದಿನಿಯನ್ನು ‘ನನ್ನ ಜೊತೆಗೆ ಬಾ, ನನಗೊಬ್ಬಳಿಗೇ ಕಷ್ಟ ಆಗುತ್ತೆ’ ಅಂತ ಕರೆಯಿರಿ. ಬಂದರೆ, ಕೌನ್ಸೆಲರ್ ಹತ್ತಿರ ಅವಳಿಗೂ ಒಬ್ಬಳೇ ಮಾತಾಡಲು ಹತ್ತು ನಿಮಿಷ ಕೇಳಿಕೊಳ್ಳಿ, ಆ ಹೊತ್ತಿನಲ್ಲಿ ನೀವು ಆಚೆ ಬಂದು ಕೂತಿರಿ.